ಇಬಿಜಾಕ್ಕೆ ನಾನು ಆರಿಸಿಕೊಟ್ಟ ತಿಂಗಳು

ದೇವರ ಮುಂದೆ ದೀಪ ಹಚ್ಚುವವರಿಗೆ ಹೊಟ್ಟೆಕಿಚ್ಚು ಇರುವುದಿಲ್ಲ ಎಂದು ಜನ ಯಾಕೆ ನಂಬುತ್ತಾರೋ ನನಗೆ ಗೊತ್ತಿಲ್ಲ. ನಾನು ಮದುವೆಯಾದಾಗಿನಿಂದ ಎರಡು ಹೊತ್ತೂ ದೀಪ ಹಚ್ಚುತ್ತಿದ್ದೇನೆ. ಹೊಟ್ಟೆಯೊಳಗಿನದು ಬೇರೆ, ಅದು ಎಣ್ಣೆ ಬತ್ತಿ ಕೇಳದೆ ತಾನಾಗಿಯೇ ಉರಿಯುತ್ತದೆ. ಹಾಗೆಂದು ಭಗವಂತ ನನಗೆ ಕಡಿಮೆ ಮಾಡಿದ್ದಾನೆ ಎಂದಲ್ಲ. ಮಂಡಿನೋವು ಒಂದೇ ಕಾಲಿಗೆ. ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ಒಂದೇ ಸಲ. ಗಂಡ ಗೊರಕೆ ಹೊಡೆದರೂ ಅಡುಗೆಗೆ ಹೆಸರಿಡುವುದಿಲ್ಲ. ಇವನ್ನೆಲ್ಲ ದಿನಾ ಎಣಿಸಿ ಕೈ ಮುಗಿಯುತ್ತೇನೆ. ಆದರೆ ಪರಿಚಯದವರು ಯಾರಾದರೂ ಪ್ರವಾಸಕ್ಕೆಂದು ಅಟ್ಟದಿಂದ ಸೂಟ್‌ಕೇಸ್ ಇಳಿಸಿದರು ಎಂದು ಕೇಳಿದರೆ ಸಾಕು, ನನ್ನ ಎಣಿಕೆ ತಪ್ಪಿಹೋಗುತ್ತದೆ.

ಇಂಥ ಸುದ್ದಿ ನನಗೆ ಬೇರೆಯವರಿಗಿಂತ ಹೆಚ್ಚಾಗಿ ಕೇಳಿಸುವುದಕ್ಕೆ ಕಾರಣವಿದೆ. ಪಿಸ್ಕಾಟವೇ ಊರಿನ ನಮ್ಮ ಮನೆಯೆಂದರೆ ಸುತ್ತಲಿನ ಊರುಗಳ ದೇವರುಗಳಿಗೆಲ್ಲ ಡೇ ಕೇರ್. ಸಾಲಿಗ್ರಾಮ ಇಟ್ಟುಕೊಂಡ ಮನೆಯಲ್ಲಿ ನಿತ್ಯಪೂಜೆ ತಪ್ಪುವಂತಿಲ್ಲ. ಹಾಗಾಗಿ ಅಲಾಸ್ಕಾಗೋ ಹವಾಯಿಗೋ ಹೊರಟವರು ದೇವರ ಪೆಟ್ಟಿಗೆಯನ್ನು ತಂದು ನಮ್ಮಲ್ಲಿ ಬಿಡುತ್ತಾರೆ. ನಮ್ಮವರು ಬೆಳಗಿನ ಮೊದಲ ಮೀಟಿಂಗಿಗೆ ಮುಂಚೆ ಅಭಿಷೇಕ ಮುಗಿಸುತ್ತಾರೆ. ಹೂವು, ನೈವೇದ್ಯ ನನ್ನದು. ಯಾರ ದೇವರು ಯಾರ ಮನೆಗೆ ಹೋದಾನೋ ಎಂಬ ಭಯಕ್ಕೆ ಪೆಟ್ಟಿಗೆಗಳ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದಿದ್ದೇನೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಐದು ಪೆಟ್ಟಿಗೆ ಸೇರುತ್ತವೆ. ಐದು ಮನೆಯ ದೇವರುಗಳು ನನ್ನ ಬಳಿ, ಐದು ಮನೆಯವರು ಸಮುದ್ರತೀರದಲ್ಲಿ. ಪುಣ್ಯ ನನಗೆ, ಫೋಟೋ ಅವರಿಗೆ. ನಮ್ಮ ಪ್ರವಾಸ ಎಂದರೆ ಪಿಟ್ಸ್‌ಬರ್ಗಿನ ದೇವಸ್ಥಾನ. ಡಿಕ್ಕಿಯಲ್ಲಿ ಪುಳಿಯೋಗರೆ ಇಟ್ಟುಕೊಂಡು ಹದಿನಾಲ್ಕು ಸಲ ಹೋಗಿ ಬಂದಿದ್ದೇವೆ. ದಾರಿಯ ರೆಸ್ಟ್ ಏರಿಯಾಗಳೆಲ್ಲ ನನಗೆ ತವರಿನಷ್ಟು ಪರಿಚಯ.

ಈಗ ಯಾರಿಗೂ ಹೇಳದ ಸಂಗತಿ ಹೇಳುತ್ತೇನೆ. ನನಗೆ ಇಬಿಜಾ ನೋಡುವ ಆಸೆ. ಸ್ಪೇನಿಗೆ ಸೇರಿದ, ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ. ಪ್ರಪಂಚದ ಯುವಕರೆಲ್ಲ ಕುಣಿಯಲು ಹೋಗುವ ಜಾಗ. ಒಂದು ದಿನ ಹುರುಳಿಕಾಯಿ ಸೋಸುತ್ತ ಅಡುಗೆಯ ವಿಡಿಯೋ ನೋಡುತ್ತಿದ್ದೆ. ಅದು ಮುಗಿದ ಮೇಲೆ ತಾನಾಗಿಯೇ ಇದು ಬಂತು. ದೊಡ್ಡ ಅಂಗಳದ ತುಂಬ ಸೊಂಟದವರೆಗೆ ಸೋಪಿನ ನೊರೆ, ಅದರಲ್ಲಿ ಜನ ಕುಣಿಯುತ್ತಿದ್ದಾರೆ. ನಡುವೆ ನನ್ನ ವಯಸ್ಸಿನ ಒಬ್ಬಳು ದಪ್ಪ ಹೆಂಗಸು ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಭಜನೆಯಲ್ಲಿ ಮೈಮರೆತವರ ಹಾಗೆ ಕುಣಿಯುತ್ತಿದ್ದಳು. ನೊರೆ ಸರಿದಾಗ ಕಂಡಿತು, ಅವಳ ಒಂದು ಮಂಡಿಗೆ ನೋವಿನ ಬೆಲ್ಟ್ ಕಟ್ಟಿತ್ತು! ಆವತ್ತು ಹುರುಳಿಕಾಯಿಯ ನಾರೆಲ್ಲ ಪಲ್ಯಕ್ಕೇ ಹೋಯಿತು. ಅಲ್ಲಿಂದ ಮುಂದೆ ನಾನು ಆ ದ್ವೀಪದ ಪಂಚಾಂಗವನ್ನೇ ಓದಿಕೊಂಡೆ. ಮೇ ತಿಂಗಳಲ್ಲಿ ಕುಣಿತದ ಮನೆಗಳ ಬಾಗಿಲು ತೆಗೆಯುತ್ತಾರೆ, ಆದರೆ ನೀರಿನ್ನೂ ತಣ್ಣಗೆ. ಜುಲೈ, ಆಗಸ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಸೆಪ್ಟೆಂಬರಿನಲ್ಲಿ ಸಮುದ್ರ ಬೆಚ್ಚಗೆ, ಜನ ಕಡಿಮೆ. ತಿಳಿದವರು ಆಗಲೇ ಹೋಗುತ್ತಾರಂತೆ. ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿದರೆ ಚಳಿಗಾಲವಿಡೀ ದ್ವೀಪ ನಿದ್ದೆ ಮಾಡುತ್ತದೆ. ನಾನು ಜುಲೈ ಎಂದು ತೀರ್ಮಾನಿಸಿದ್ದೆ. ಹೋಗುವುದೇ ಆದರೆ ತೇರು ಎಳೆದು ಮುಗಿದ ಮೇಲೆ ಯಾಕೆ ಹೋಗಬೇಕು?

ಹೀಗಿರುವಾಗ ಹಿಲ್ಸ್‌ಬರೋದ ಶೈಲಜಾ ಬಂದಳು. ಧಾರವಾಡದವಳು, ನನಗಿಂತ ಚಿಕ್ಕವಳು, ಟೆಲಿಕಾಂ ಆಫೀಸಿನಲ್ಲಿ ದೊಡ್ಡ ಕೆಲಸ. ನಮ್ಮ ಡೇ ಕೇರಿನ ಖಾಯಂ ಗಿರಾಕಿ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಶುರು ಮಾಡಿದಳು. "ಲಲಿತಕ್ಕಾ, ನಮ್ಮ ಮದುವಿಗೆ ಇಪ್ಪತ್ತೈದು ವರ್ಷ ಆತು. ಇಬಿಜಾಕ್ಕ ಹೋಗೂಣಂತ ಮಾಡೇವಿ. ಜುಲೈದಾಗ ಹೋಗೋದೋ, ಫೆಬ್ರವರಿದಾಗೋ? ನೀವ ಹೇಳ್ರಿ. ನಿಮ್ಮ ಬಾಯಿಂದ ಬಂದದ್ದು ಛಲೋನ ಆಗ್ತದ."

ನನ್ನ ಇಬಿಜಾ! ನನ್ನ ಜುಲೈ! ಲೋಟ ಮೇಜಿನ ಮೇಲಿಟ್ಟು ಗೋಡೆಯ ಕ್ಯಾಲೆಂಡರನ್ನು ಗಂಭೀರವಾಗಿ ತಿರುವಿ ಹಾಕಿದೆ. "ಜುಲೈ ಬೇಡ ಶೈಲಾ. ಗದ್ದಲ, ಸೆಖೆ. ಅಲ್ಲದೆ ಆಗ ನಮ್ಮನೇಲಿ ಪೆಟ್ಟಿಗೆ ಇಡೋಕೆ ಜಾಗಾನೇ ಇರಲ್ಲ. ಫೆಬ್ರವರಿ ಪ್ರಶಸ್ತ," ಎಂದೆ. ಜಾಗ ಇಲ್ಲದಿರುವುದೇನು, ದೇವರ ಮನೆಯಲ್ಲಿ ಇನ್ನೂ ಮೂರು ಪೆಟ್ಟಿಗೆ ಹಿಡಿಸುತ್ತಿತ್ತು. ದೇವರ ಹೆಸರಿನಲ್ಲೇ ಸುಳ್ಳು ಹೇಳಿದ್ದೆ. ಫೆಬ್ರವರಿಯಲ್ಲಿ ಅಲ್ಲಿ ಬಾಗಿಲು ಮುಚ್ಚಿದ ಕುಣಿತದ ಮನೆಗಳು, ಕಾಲು ಕೊರೆಯುವ ನೀರು, ಬೆಂಚಿನ ಮೇಲೆ ನಾಲ್ಕು ಬೆಕ್ಕು ಮಾತ್ರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ನೋಡ್ರಿ, ಅದಕ್ಕ ನಿಮ್ಮನ್ನ ಕೇಳೋದು," ಎಂದು ಅವಳು ನನ್ನ ಕಾಲಿಗೆ ನಮಸ್ಕಾರ ಬೇರೆ ಮಾಡಿದಳು. ನೋಯುವ ಕಾಲಿಗೇ.

ಫೆಬ್ರವರಿ ಬಂತು. ಪೆಟ್ಟಿಗೆ ನಮ್ಮಲ್ಲಿಗೆ, ಅವರು ಅಲ್ಲಿಗೆ. ಮೊದಲ ದಿನದ ಫೋಟೋದಲ್ಲಿ ಶೈಲಜಾ ಮತ್ತು ಅವಳ ಗಂಡ ಪ್ರಸನ್ನ ಮುಚ್ಚಿದ ಶಟರಿನ ಮುಂದೆ ಪೆಚ್ಚಾಗಿ ನಿಂತಿದ್ದರು. ನಾನು ಅವತ್ತು ಅವರ ಕೃಷ್ಣನ ನೈವೇದ್ಯಕ್ಕೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದೆ. ಮಾರನೆಯ ದಿನ ಇಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಡ್ರೈವ್‌ವೇಯ ಹಿಮ ಎತ್ತಿ ಹಾಕಿ, ಬೆರಳು ಮರಗಟ್ಟಿ ಒಳಗೆ ಬಂದು ಫೋನ್ ನೋಡುತ್ತೇನೆ, ಕಣಿವೆಯ ತುಂಬ ಬಾದಾಮಿ ಮರಗಳು ಹೂ ಬಿಟ್ಟು ನಿಂತಿವೆ! ಬಿಳಿ, ತಿಳಿಗುಲಾಬಿ, ಎಲೆಯೇ ಕಾಣದಷ್ಟು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರವತ್ತು ಡಿಗ್ರಿ, ಹಿತವಾದ ಬಿಸಿಲು. ತೆಳ್ಳನೆ ಸ್ವೆಟರಿನಲ್ಲಿ ಶೈಲಜಾ. ಪಕ್ಕದಲ್ಲಿ ಪ್ರಸನ್ನ, ನಮ್ಮ ಮನೆಗೆ ಬಂದರೆ ಪಾರ್ಕಿಂಗ್ ಬಿಟ್ಟು ಬೇರೆ ಮಾತಾಡದ ಆ ಮನುಷ್ಯ, ಹೆಂಡತಿಯ ಕೈ ಹಿಡಿದುಕೊಂಡಿದ್ದ. ಕೃಷ್ಣನ ಮುಂದೆ ಹೋಗಿ, "ಇದು ನ್ಯಾಯವೇನಪ್ಪಾ? ಕೆಟ್ಟ ಬುದ್ಧಿಯಿಂದ ಕೊಟ್ಟ ಸಲಹೆಯನ್ನೂ ಹೂವು ಮಾಡಿಬಿಡುವುದೇ?" ಎಂದು ಕೇಳಿದೆ. ಅವನು ನನ್ನ ತುಪ್ಪ ತಿಂದವನು, ಅವರ ಕಡೆಯವನು.

ಪೆಟ್ಟಿಗೆ ಒಯ್ಯಲು ಬಂದ ಶೈಲಜಾ ದೇವರಿಗೆಂದು ಒಂದು ಚೀಲ ಬಾದಾಮಿ ತಂದಿದ್ದಳು. "ಲಲಿತಕ್ಕಾ, ನೀವು ಹೇಳಲಿಲ್ಲ ಅಂದ್ರ ಆ ಜುಲೈ ಗದ್ದಲದಾಗ ಹೋಗಿ ಬೀಳ್ತಿದ್ವಿ ನೋಡ್ರಿ. ನಮ್ಮವರು ಇಪ್ಪತ್ತೈದು ವರ್ಷದಾಗ ಆಡದಿದ್ದ ಮಾತು ಅಲ್ಲಿ ಆಡಿದ್ರು," ಎಂದು ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ತಪ್ಪೊಪ್ಪಿಕೊಂಡುಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಮುಂದಿನ ಫೆಬ್ರವರಿಗೆ ನಾವು ನಾಲ್ಕೂ ಮಂದಿ ಕೂಡೇ ಹೋಗೂಣು. ಈಸ್ಟ್ ಬ್ರನ್ಸ್‌ವಿಕ್‌ನ ಜೋಶಿಯವರು ಎರಡೂ ಮನಿ ದೇವರನ್ನ ಇಟ್ಕೋತಾರಂತ, ಕೇಳೇ ಬಂದೇನಿ," ಎಂದಳು.

"ಜುಲೈನಲ್ಲಿ ಹೋದ್ರೆ ಹೇಗೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಅಯ್ಯ, ಬಿಡ್ರಿ! ಜುಲೈದಾಗ ಅಲ್ಲಿ ನೊರಿಯೊಳಗ ಕುಣೀತಾರಂತ. ನಿಮ್ಮಂಥಾ ದೈವಭಕ್ತರು ಒಂದು ದಿನ ನಿಲ್ಲೂದಿಲ್ಲ. ನಿಮಗ ಫೆಬ್ರವರೀನ ಸರಿ."

ನಮ್ಮವರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ತಣ್ಣಗಿರತ್ತೆ ಅಂದ್ರೆ ಪುಳಿಯೋಗರೆ ಗೊಜ್ಜು ಕೆಡಲ್ಲ," ಎಂದರು. ಅಲ್ಲಿಗೆ ಗೊತ್ತುವಳಿ ಪಾಸಾಯಿತು.

ಅವಳನ್ನು ಕಳಿಸಿ, ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ನಿಂತೆ. ಸೋಪು ಎಂದಿಗಿಂತ ಸ್ವಲ್ಪ ಜಾಸ್ತಿಯೇ ಹಾಕಿದೆ. ನೊರೆ ಉಕ್ಕಿ ಮೊಣಕೈವರೆಗೆ ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿದೆ.

"ಏನೇ ಅದು, ಮಂಗಳಾರತೀನಾ?" ಎಂದು ಹಿಂದಿನಿಂದ ಕೇಳಿದ ನಮ್ಮವರು, ಉತ್ತರಕ್ಕೂ ಕಾಯದೆ ಭಕ್ತಿಯಿಂದ ಕೈ ಮುಗಿದು ನಿಂತುಬಿಟ್ಟರು.