ಎಣ್ಣೆ ನೋಡಲು ಬರುವ ಯಜಮಾನರು

ಮನುಷ್ಯನು ಮಾಡಿದ ಸಕಲ ವಸ್ತುಗಳೂ ಒಂದಲ್ಲ ಒಂದು ದಿನ ಕೆಡುತ್ತವೆ. ಕೆಡುವ ಮೊದಲೇ ಕೈಯಾಡಿಸಿ ಅವನ್ನು ಕಾಪಾಡಿಕೊಳ್ಳುವವನೇ ವಿವೇಕಿ. ಈ ಮಾತನ್ನು ನಾನು ಕುಳಿತು ಬರೆಯುತ್ತಿರುವ ಕುರ್ಚಿಯ ನಾಲ್ಕನೆಯ ಕಾಲಿನ ಜಾಗದಲ್ಲಿ ಎರಡು ವರ್ಷದಿಂದ ಇಟ್ಟಿಗೆ ಇದೆ. ರಾಯಚೂರಿನ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಕಾರಣವಿಲ್ಲದೆಯೇ ನಗುತ್ತ ಬಂದಿದ್ದಾರೆ. ಇಂಥ ನನ್ನ ಕೊರಳಿಗೆ ಒಂದು ಹಳೆಯ ಮೋಟಾರು ದೋಣಿ ಗಂಟುಬಿತ್ತು.

ಕೊಂಡದ್ದು ಅಕ್ಕನಿಗಾಗಿ. ನಮ್ಮ ಈರಮ್ಮಕ್ಕನನ್ನು ಕೊಟ್ಟಿರುವುದು ಗೂಗಲ್ ಎಂಬ ಊರಿನ ಆಚೆ, ಕೃಷ್ಣೆಯ ನಡುವಿನ ಒಂದು ಗಡ್ಡೆಗೆ. ದಂಡೆಗೆ ಬರಬೇಕೆಂದರೆ ಹರಿಗೋಲೊಂದೇ ದಾರಿ, ಅಕ್ಕನಿಗೆ ಅದು ಆಗಿಬರುವುದಿಲ್ಲ. "ತಿರುಗೋ ಬುಟ್ಯಾಗ ಕುಂದ್ರಾಕ ನಾ ಏನ್ ಬದನಿಕಾಯೇನೋ?" ಎನ್ನುತ್ತಾಳೆ. ಅವಳ ಬಲಗಣ್ಣಿನ ಪೊರೆ ಪೂರ್ತಿ ಬಲಿತಿತ್ತು. ಇನ್ನು ಮುಂದೂಡಿದರೆ ಕಣ್ಣಿನ ಆಸೆ ಬಿಡಿ ಎಂದು ರಾಯಚೂರಿನ ಡಾಕ್ಟರು ಬುಧವಾರಕ್ಕೆ ದಿನ ಗೊತ್ತುಮಾಡಿದ್ದರು. ಮೇಲಿನ ಅಣೆಕಟ್ಟೆಯಿಂದ ಅದೇ ವಾರ ನೀರು ಬಿಡುವ ಸುದ್ದಿಯೂ ಇತ್ತು. ನೀರು ಬಂತೆಂದರೆ ಗಡ್ಡೆಯವರು ಗಡ್ಡೆಯಲ್ಲೇ. ಹೀಗಾಗಿ ಮಂಗಳವಾರ ಅಕ್ಕನನ್ನು ದಾಟಿಸಲೇಬೇಕಿತ್ತು.

ದೋಣಿ ಸಿಕ್ಕದ್ದು ನಾಲ್ಕು ತಿಂಗಳ ಹಿಂದೆ, ಮಾನ್ವಿಯಲ್ಲಿ. ಅಕ್ಕಿ ಗಿರಣಿಯ ಯಜಮಾನರೊಬ್ಬರದು. ಹೊಳೆಯ ಗಾಳಿ ಮೈಗೆ ಒಳ್ಳೆಯದೆಂದು ಕೊಂಡು ಗೂಗಲ್ಲಿನ ಕಟ್ಟೆಯಲ್ಲಿ ಇರಿಸಿದ್ದವರು. ಹೋದ ವರ್ಷ ಒಂದು ದಿನ ದೋಣಿ ಮಾತ್ರ ತಿರುಗಿ ಬಂತು, ಅವರು ಬರಲಿಲ್ಲ. ಎಂಜಿನ್ನು ನಡುಹೊಳೆಯಲ್ಲಿ ನಿಂತಿತ್ತಂತೆ. ನಾನು ಸಂಕೋಚದಿಂದ ಅವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಅವರ ಹೆಂಡತಿ ಒಂದು ರಟ್ಟಿನ ಪುಸ್ತಕ ತಂದಿಟ್ಟರು.

"ಇದನ್ನೂ ಒಯ್ರಿ. ಬೋಟ್ ತಗೊಂಡವ್ರ ಕೈಯಾಗ ಕೊಡು ಅಂತ ಹೇಳ್ಯಾರ."

"ಯಾರು ಹೇಳಿದರು ತಾಯಿ?"

"ನಮ್ಮ ಯಜಮಾನ್ರು."

"ಯಾವಾಗ?"

"ಮೊನ್ನಿ," ಎಂದು ಆಕೆ ಚಹಾ ತರಲು ಒಳಗೆ ಹೋದರು.

ನಾನು ಚಹಾ ಕುಡಿದೆ. ತುಂಬ ಚೆನ್ನಾಗಿತ್ತು.

ಆ ಪುಸ್ತಕದಲ್ಲಿ ಎಂಜಿನ್ನಿನ ಆರೈಕೆಯನ್ನು ಗುಂಡಾದ ಅಕ್ಷರಗಳಲ್ಲಿ ಬರೆದಿತ್ತು. ವಾರಕ್ಕೊಮ್ಮೆ ತಿಳಿನೀರು ಹಾಯಿಸಿ ಒಳಗನ್ನು ತೊಳೆಯಬೇಕು. ತಿಂಗಳಿಗೊಮ್ಮೆ ಪ್ಲಗ್ಗು ಒರೆಸಬೇಕು. ಹದಿನೈದು ದಿನಕ್ಕೊಮ್ಮೆ ಬುಡದ ತಿರುಪು ಸಡಿಲಿಸಿ ಗೇರಿನ ಎಣ್ಣೆ ನೋಡಬೇಕು. ಅದು ಮಜ್ಜಿಗೆಯಂತಾಗಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿದು ದೋಣಿಯನ್ನು ದಂಡೆಯಿಂದ ಕದಲಿಸಬಾರದು. ಪ್ರತಿ ಅಮಾವಾಸ್ಯೆಗೆ, ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಪಂಕಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರ ಕಟ್ಟಬೇಕು. ಇಷ್ಟೂ ನಿಯಮಗಳಲ್ಲಿ ನಾನು ತಪ್ಪದೆ ಪಾಲಿಸಿದ್ದು ಕಡೆಯದೊಂದನ್ನೇ, ಏಕೆಂದರೆ ಅದನ್ನು ಮಾಡುತ್ತಿದ್ದವನು ಹುಲಿಗೆಪ್ಪ.

ಹುಲಿಗೆಪ್ಪ ಗೂಗಲ್ಲಿನ ಹರಿಗೋಲಿನವನು, ದೋಣಿಯ ಕಾವಲು ಅವನದೇ. ಯಜಮಾನರ ಕಾಲದಿಂದಲೂ ಅವನೇ. ನಾನು ಭಾನುವಾರಗಳಂದು ಹೋಗಿ, ಎಂಜಿನ್ನನ್ನು ಗೌರವದಿಂದ ದೂರದಿಂದಲೇ ನೋಡಿ ಬರುತ್ತಿದ್ದೆ. ಇಂಥದೊಂದು ಭಾನುವಾರದ ನಡುಮಧ್ಯಾಹ್ನ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಆ ಹೊತ್ತಿಗೆ ಕಾಗೆ ಕೂಡ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿರುತ್ತದೆ. ಎಲೆ ಅಲುಗುತ್ತಿರಲಿಲ್ಲ. ಹೊಳೆಯ ಮೇಲೆ ಬಿದ್ದ ಹುಲ್ಲುಕಡ್ಡಿ ಬಿದ್ದಲ್ಲೇ ಇತ್ತು. ಅಂಥ ಸತ್ತ ನೀರಿನಲ್ಲಿ ನಮ್ಮ ದೋಣಿಯ ಪಂಕ ನಿಧಾನವಾಗಿ, ಯಾರೋ ಬೆರಳಿನಿಂದ ತಿರುವಿ ನೋಡುವಂತೆ, ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಅರ್ಧ ಸುತ್ತು.

"ಬಂದಾರ ನೋಡ್ರಿ ಸರ."

"ಯಾರು?"

"ಮೊದಲಿನ ಯಜಮಾನ್ರು. ಎಣ್ಣಿ ನೋಡಾಕ ಬರ್ತಾರ. ನೀವಂತೂ ನೋಡಂಗಿಲ್ಲ."

ಒಳಹರಿವು, ಒತ್ತಡ ಎಂದೇನೋ ವಿವರಿಸಿದೆ. ಅವನು ಮರ್ಯಾದೆಯಿಂದ ಕೇಳಿ, "ಹೌದ್ರಿ, ಅವರೂ ಹಂಗ ಮಾತಾಡ್ತಿದ್ರು," ಎಂದ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಕೆಲಸವನ್ನು ತೀರಿಹೋದವರೊಬ್ಬರು ಮಾಡುತ್ತಿದ್ದಾರೆಂಬ ಭಯದ ಜೊತೆಗೆ, ಸದ್ಯ, ಯಾರೋ ಒಬ್ಬರು ಮಾಡುತ್ತಿದ್ದಾರಲ್ಲ ಎಂಬ ಸಮಾಧಾನವೂ ನನಗಾಯಿತು.

ಮಂಗಳವಾರ ಬೆಳಿಗ್ಗೆ ದೋಣಿಯನ್ನು ದಂಡೆಗೆಳೆದು, ಜೀವನದಲ್ಲಿ ಮೊದಲ ಬಾರಿಗೆ ಬುಡದ ತಿರುಪು ಸಡಿಲಿಸಿದೆ. ಬೆರಳ ಮೇಲೆ ಇಳಿದದ್ದು ಹುಳಿಮಜ್ಜಿಗೆಯ ಬಣ್ಣದ ಒಂದು ಹನಿ. ಆಚೆ ಗಡ್ಡೆಯಲ್ಲಿ ಅಕ್ಕ ಸೀರೆಗಂಟು ಕಟ್ಟಿಕೊಂಡು ಕಾಯುತ್ತಿದ್ದಳು.

"ಇವತ್ತೊಂದು ದಿನ ಹೋಗಿಬರೋಣ ಹುಲಿಗೆಪ್ಪ. ನಾಳೆ ನೋಡೋಣ," ಎಂದೆ. ಕೈ ಒರೆಸಿಕೊಳ್ಳಲು ಕಾಗದ ಹುಡುಕುತ್ತ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದೆ. ಬರಹವಿದ್ದ ಕಡೆಯ ಹಾಳೆಯಲ್ಲಿ ಅದೇ ಗುಂಡು ಅಕ್ಷರಗಳು: 'ಎಣ್ಣೆ ಮಜ್ಜಿಗೆಯಂತಿದೆ. ಇವತ್ತೊಂದು ದಿನ ಹೋಗಿಬರುವುದು. ನಾಳೆ ನೋಡೋಣ.'

ಅದರ ಮುಂದೆ ಖಾಲಿ ಹಾಳೆಗಳು.

ಪುಸ್ತಕ ಮುಚ್ಚಿ ಕೆಳಗಿಟ್ಟೆ. ನಾನೇ ಪಾನಾ ತೆಗೆದುಕೊಂಡು ಪಂಕದ ನಟ್ಟು ಬಿಚ್ಚಿದೆ. ಪಂಕ ಈಚೆ ಬಂತು. ಅದರ ಹಿಂದೆ, ಅಚ್ಚಿನ ಸುತ್ತ, ಉಡುದಾರ ಬಿಗಿದಂತೆ ದಾರ ಸುತ್ತಿಕೊಂಡಿತ್ತು. ಸುತ್ತಿ ಸುತ್ತಿ, ಒಳಗೆ ನೀರು ಹೋಗದಂತೆ ತಡೆಯುವ ರಬ್ಬರಿನ ಬಳೆಯನ್ನೇ ಕೊಯ್ದು ಹಾಕಿತ್ತು. ಕಾರಣ ಸಿಕ್ಕಿತು. ದೃಷ್ಟಿಯಾಗದಿರಲೆಂದು ಕಟ್ಟಿದ ದಾರವೇ ಕಾರಣ. ಹುಲಿಗೆಪ್ಪನ ಮುಖ ಸಣ್ಣದಾಯಿತು.

ಅವನು ಕುಕ್ಕರಗಾಲಲ್ಲಿ ಕುಳಿತು ಬಿಡಿಸತೊಡಗಿದ. ಎಲ್ಲಕ್ಕಿಂತ ಮೇಲೆ ಒಂದು ಕೆಂಪು ದಾರ. ಅದರ ಕೆಳಗೆ ನಾಲ್ಕು ಕಪ್ಪು. ತೀರ ಬುಡದಲ್ಲಿ ಕೊಳೆತ ಕೆಂಪು ದಾರಗಳ ಸಿಕ್ಕು.

"ಕರಿದಾರ ನಾಕೂ ನಾ ಕಟ್ಟಿದ್ದು. ಬುಡದಾಗಿನ ಕೆಂಪು ಯಜಮಾನ್ರದು. ಅಮ್ಮಾರು ಮಾನ್ವಿಯಿಂದ ಮಂತ್ರಿಸಿ ಕಳಸ್ತಿದ್ರು, ಅವರು ಕಟ್ಟತಿದ್ರು."

"ಮತ್ತೆ ಈ ಮೇಲಿನದು?"

ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಬಣ್ಣ ಬಿಟ್ಟಿರಲಿಲ್ಲ. ಅದಕ್ಕಂಟಿದ್ದ ನಿಂಬೆಯ ಸಿಪ್ಪೆ ಇನ್ನೂ ಹಸಿರಾಗಿತ್ತು.

"ಇದು ನಂದಲ್ರೀ ಸರ," ಎಂದು ಮೆಲ್ಲಗೆ ಹೇಳಿ, ಅದನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಂಡ.

ಹರಿಗೋಲಿನಲ್ಲೇ ಗಡ್ಡೆಗೆ ಹೋದೆವು. ಅಕ್ಕನ ಮುಂದೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಪೀಠಿಕೆ ಕಟ್ಟಿಕೊಂಡೆ. ಅವಳು ಮಂಜುಗಣ್ಣಿನಿಂದ ನನ್ನತ್ತ ನೋಡಿ, "ಎಲ್ಲೋ ನಿನ್ನ ಬೋಟು?" ಎಂದಳು.

"ಎಂಜಿನ್ ಕೆಟ್ಟದ ಅಕ್ಕಾ. ಹರಿಗೋಲೇ ಗತಿ."

"ಹರಿಗೋಲಿಗಿ ಎಂಜಿನ್ ಅದ ಏನು?"

"ಇಲ್ಲ."

"ಹಂಗಾರ ಕೆಡಂಗಿಲ್ಲ. ನಡಿ ಮತ್ತ, ಏನ್ ಮಾರಿ ನೋಡ್ತಿ?" ಎಂದು ಸೆರಗು ಬಿಗಿದು ಹತ್ತಿ ಕುಳಿತಳು. ವಾಂತಿ ಮಾಡಿಕೊಂಡವನು ನಾನು.

ನಡುಹೊಳೆಯಲ್ಲಿದ್ದಾಗ ಅಕ್ಕ ತಲೆ ಎತ್ತಿ ಕಿವಿಗೊಟ್ಟಳು. "ದಂಡಿ ಮ್ಯಾಲ ಯಾರೋ ಎಂಜಿನ್ ಹಗ್ಗ ಜಗ್ಗಾಕತ್ತಾರ. ರಿಪೇರಿ ಆತೇನೋ?"

ನಮಗೂ ಕೇಳಿಸಿತು. ಒಮ್ಮೆ, ಬಿಟ್ಟು ಇನ್ನೊಮ್ಮೆ. ಎಂಜಿನ್ನು ಕೆಮ್ಮಿ ಸುಮ್ಮನಾಗುವ ಸದ್ದು. ದಂಡೆಯ ಮೇಲೆ ದೋಣಿಯಿತ್ತು. ಜನರಿರಲಿಲ್ಲ. ಪಂಕ ನನ್ನ ಕಾಲಬಳಿಯ ಚೀಲದಲ್ಲಿತ್ತು. ಹುಲಿಗೆಪ್ಪ ಹುಟ್ಟು ತಿರುಗಿಸಿ, ಎಂದಿನ ಕಟ್ಟೆ ಬಿಟ್ಟು ಬಹುದೂರ ಕೆಳಗೆ ನಮ್ಮನ್ನಿಳಿಸಿದ.

ಆಮೇಲೆ ಎರಡು ಸಲ ಮಾನ್ವಿಗೆ ಹೋದೆ, ಆ ತಾಯಿಗೆ ದಾರದ ವಿಷಯ ತಿಳಿಸಬೇಕೆಂದು. ಸಿಕ್ಕ ಕಾರಣವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು ನಾನು ಕಲಿಸುವ ಶಾಸ್ತ್ರದಲ್ಲಿಲ್ಲ. ಎರಡು ಸಲವೂ ಚಹಾ ಕುಡಿದು, ಮಳೆಬೆಳೆ ಮಾತಾಡಿ ಬಂದೆ. ಎರಡನೆಯ ಸಲ ಆಕೆ, "ಎಣ್ಣಿ ಬದಲಿ ಮಾಡಿಸಿದಿರಂತಲ್ಲ, ಚಲೋ ಆತು," ಎಂದರು. ಹಿಂದಿನ ವಾರವಷ್ಟೇ ನಾನೇ ಎಣ್ಣೆ ಬದಲಿಸಿದ್ದೆ, ಯಾರಿಗೂ ಹೇಳಿರಲಿಲ್ಲ; ಯಾರು ಹೇಳಿದರೆಂದು ಕೇಳುವ ಧೈರ್ಯವೂ ಬರಲಿಲ್ಲ.

ಅಕ್ಕನ ಕಣ್ಣಿನ ಪೊರೆಯನ್ನು ಬುಧವಾರವೇ ತೆಗೆದರು. ಅವಳಿಗೀಗ ಚೆನ್ನಾಗಿ ಕಾಣುತ್ತದೆ.