ಬುಟ್ಟಿಚೆಂಡೂ ಹೆಂಡತಿಯ ಹೆಸರೂ

ಧೈರ್ಯದ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಲ್ಲ ಎಂದು ಬಹುಕಾಲ ನಂಬಿಕೊಂಡಿದ್ದೆ. ಹುಲಿಗೆ ನಾನು ಹೆದರಿದವನಲ್ಲ. ಹುಲಿ ಇದುವರೆಗೆ ಎದುರಿಗೆ ಬಂದಿಲ್ಲ ಎಂಬುದು ಬೇರೆ ಮಾತು. ಶಾಲೆಗೆ ಇನ್‌ಸ್ಪೆಕ್ಟರರು ಹೇಳದೆ ಕೇಳದೆ ಬಂದು ನಿಂತಾಗಲೂ ನನ್ನ ಕೈಯ ಸೀಮೆಸುಣ್ಣ ಒಂದೇ ಒಂದು ಸಲ ಕೆಳಗೆ ಬಿದ್ದದ್ದು. ಆದರೆ ಊರ ಹತ್ತು ಜನರ ಎದುರಿನಲ್ಲಿ ಕಟ್ಟಿಕೊಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯಬೇಕಾಗಿ ಬಂದ ದಿನ ನನ್ನ ಧೈರ್ಯದ ಬಣ್ಣವೆಲ್ಲ ಬಯಲಾಯಿತು.

ಈ ಮಾತು ಕೇಳಿ ನಗುವವರು ನಮ್ಮ ಮಂಗಲ್ಪಾಡಿಯ ಕಡೆ ಸಂಸಾರ ಮಾಡಿದವರಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಗಂಡ ಹಿರಿಯರ ಎದುರು ಹೆಂಡತಿಯ ಹೆಸರು ಹೇಳಿದರೆ ಆಯುಷ್ಯಕ್ಕೇನೂ ಆಗುವುದಿಲ್ಲ, ಮರ್ಯಾದೆ ಮಾತ್ರ ಕಡಿಮೆಯಾಗುತ್ತದೆ. ಮದುವೆಯಾದಂದಿನಿಂದ ನಾನು ನಮ್ಮವಳನ್ನು ಕರೆದದ್ದು ‘ಇಕಾ’ ಎಂದು, ಇಲ್ಲವೇ ‘ಕೇಳಿತಾ’ ಎಂದು. ಅಮ್ಮ ಹತ್ತಿರದಲ್ಲಿದ್ದರೆ ಅಷ್ಟೂ ಇಲ್ಲ, ಒಂದು ಕೆಮ್ಮು. ನೀರಿಗೆ ಒಂದು ಕೆಮ್ಮು, ಕೊಡೆಗೆ ಒಂದು ಕೆಮ್ಮು, ಎಲೆಯಡಿಕೆಯ ಸುಣ್ಣ ಮುಗಿದಿದೆ ಎನ್ನುವುದಕ್ಕೆ ಗಂಟಲ ಒಳಗಿನಿಂದ ಎಳೆದ ಇನ್ನೊಂದು ಕೆಮ್ಮು. ಅವಳು ಒಂದನ್ನೂ ತಪ್ಪಾಗಿ ತಿಳಿದುಕೊಂಡವಳಲ್ಲ. ತಪ್ಪು ತಿಳಿದದ್ದು ಅಮ್ಮ. ‘ಪಾಪ, ಮಕ್ಕಳಿಗೆ ಪಾಠ ಹೇಳಿ ಹೇಳಿ ಮಗನ ಎದೆ ಹಾಳಾಯಿತು’ ಎಂದು ಹದಿನಾಲ್ಕು ವರ್ಷ ನನಗೆ ಕಾಳುಮೆಣಸಿನ ಕಷಾಯ ಕುಡಿಸಿದರು. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ನಾನೂ ಕುಡಿದೆ.

ಇಂಥ ಸಂಸಾರದೊಳಕ್ಕೆ ಬುಟ್ಟಿಚೆಂಡು ಬಂದದ್ದು ಅಬ್ಬುಬ್ಯಾರಿಗಳ ಮೂಲಕ. ಈಗ ಉಪ್ಪಳದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿರುವ ಬ್ಯಾರಿಗಳು ಪ್ರಾಯದಲ್ಲಿ ಹಡಗಿನ ಅಡುಗೆಯವರಾಗಿ ಜಾವಾ ದ್ವೀಪದವರೆಗೆ ಹೋಗಿ ಬಂದವರು. ಸಂಜೆ ಶಾಲೆ ಬಿಟ್ಟಮೇಲೆ ಅವರ ಅಂಗಡಿಯ ಬೆಂಚಿನಲ್ಲಿ ಕುಳಿತು ಕಥೆ ಕೇಳುವುದೇ ನನಗೊಂದು ಹಬ್ಬ. ಒಂದು ದಿನ ಅವರು ಬಟ್ಟೆ ಅಳೆಯುವ ಗಜಕೋಲನ್ನು ನೆಟ್ಟಗೆ ಹಿಡಿದು ಹೇಳಿದರು: “ಮಾಷ್ಟ್ರೇ, ಅಲ್ಲಿ ಡಚ್ಚರದ್ದು ಒಂದು ಆಟ ಉಂಟು. ಹೀಗೆ ಒಂದು ಕಂಬ, ಕಂಬದ ತುದಿಗೆ ಒಂದು ಬುಟ್ಟಿ. ಈಚೆಗೆ ಎಂಟು ಜನ, ಆಚೆಗೆ ಎಂಟು ಜನ. ಎಂಟರಲ್ಲಿ ನಾಲ್ಕು ಗಂಡಸರು, ನಾಲ್ಕು ಹೆಂಗಸರು.”

“ಒಟ್ಟಿಗೆಯಾ?”

“ಒಟ್ಟಿಗೆ ಅಂದ್ರೆ ಒಟ್ಟಿಗೆ. ಆದ್ರೆ ಮುಟ್ಟಲಿಕ್ಕಿಲ್ಲ. ಚೆಂಡು ಹಿಡ್ಕೊಂಡು ಓಡ್ಲಿಕ್ಕೂ ಇಲ್ಲ. ನಿಂತಲ್ಲಿಂದಲೇ ಕೊಡುವುದು, ನಿಂತಲ್ಲಿಂದಲೇ ಬುಟ್ಟಿಗೆ ಹಾಕುವುದು. ಎದುರಿನವ ಅಡ್ಡ ನಿಂತಿದ್ದರೆ ಬುಟ್ಟಿಗೆ ಹಾಕಲಿಕ್ಕೂ ಇಲ್ಲ, ಖಾಲಿ ಇದ್ದವರಿಗೆ ಕೊಡಬೇಕು. ಎಂಥಾ ಮರ್ಯಾದೆಯ ಆಟ ಮಾರಾಯ್ರೇ!”

ನಾನು ದಂಗಾಗಿ ಕುಳಿತೆ. ಕಡಲಾಚೆ ಗಂಡಸರೂ ಹೆಂಗಸರೂ ಒಂದೇ ಬಯಲಿನಲ್ಲಿ ಓಡಾಡುತ್ತಾರೆ, ಆಕಾಶವೂ ಕಳಚಿ ಬೀಳುವುದಿಲ್ಲ! ಸ್ವಾತಂತ್ರ್ಯ ಬಂದ ಹೊಸತು, ಊರಿಗೆ ಏನಾದರೂ ಹೊಸದು ಮಾಡಬೇಕೆಂಬ ಹುಮ್ಮಸ್ಸು ಎಲ್ಲರಿಗೂ ಇತ್ತು. ತಿಂಗಳೊಳಗೆ ಕ್ಲಬ್ಬು ಹುಟ್ಟಿತು. ಬ್ಯಾರಿಗಳು ಸೀಟಿ ಊದುವವರು, ನಾನು ಕಾರ್ಯದರ್ಶಿ. ಪಟೇಲರು ಕೊಯ್ಲು ಮುಗಿದ ತಮ್ಮ ಗದ್ದೆಯೊಂದನ್ನು ಬಿತ್ತದೆ ಉಳಿಸಿ ಆದಿತ್ಯವಾರ ಸಂಜೆಗೆ ಬಿಟ್ಟುಕೊಟ್ಟರು. ಮದುವೆಯಾಗದ ಹುಡುಗಿಯರನ್ನು ಯಾರೂ ಕಳುಹಿಸಲಾರರು ಎಂದು ದಂಪತಿಗಳನ್ನೇ ಸೇರಿಸಿದೆವು. ನಾಲ್ಕು ದಂಪತಿಗಳೆಂದರೆ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಗಂಡಸರು, ನಾಲ್ಕು ಹೆಂಗಸರು. ಡಚ್ಚರು ನಮ್ಮನ್ನು ನೋಡಿಯೇ ಆಟ ಕಟ್ಟಿದರೋ ಎಂಬ ಸಂಶಯ ನನಗೆ ಈಗಲೂ ಇದೆ.

ತಾಪತ್ರಯ ಬಂದದ್ದು ಬುಟ್ಟಿಯಿಂದ. ಚೆಂಡು ಕೆಳಗೆ ಬೀಳುವಂತೆ ಬುಟ್ಟಿಗೆ ತಳ ಇರಕೂಡದು ಎಂದು ಬ್ಯಾರಿಗಳು ಹೇಳಿದ್ದರು. ಬುಟ್ಟಿ ಹೆಣೆಯುವ ಅಜ್ಜಿ ಒಪ್ಪಲಿಲ್ಲ. “ತಳ ಇಲ್ಲದ ಬುಟ್ಟಿಯನ್ನು ಅಷ್ಟು ಎತ್ತರದಲ್ಲಿ ಕಟ್ಟಿದರೆ ಊರಿಗೆಲ್ಲ ಕಾಣುತ್ತದೆ. ಇದು ಯಾರು ಹೆಣೆದದ್ದು ಅಂತ ಕೇಳಿದರೆ ನಾನು ಮುಖ ಎಲ್ಲಿಡಲಿ?” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾವು ತಳವಿರುವ ಬುಟ್ಟಿಯನ್ನೇ ಕಟ್ಟಿದೆವು. ಗೋಲು ಆದಾಗಲೆಲ್ಲ ಆಟ ನಿಲ್ಲಿಸಿ, ಮಾವಿನಕಾಯಿ ಕೊಯ್ಯುವ ದೋಟಿಯಿಂದ ಕಾರ್ಯದರ್ಶಿಯೇ ಚೆಂಡನ್ನು ಕುಕ್ಕಿ ಇಳಿಸಬೇಕು. ಆ ಹೊತ್ತಿನಲ್ಲಿ ಉಳಿದವರು ಬೆಲ್ಲದ ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದರು. ಡಚ್ಚರಿಗೆ ಈ ಸುಖ ಎಲ್ಲಿ?

ಮೊದಲ ಆದಿತ್ಯವಾರವನ್ನು ನಾನು ಮರೆಯುವಂತಿಲ್ಲ. ನಮ್ಮವಳು ಸೆರಗನ್ನು ಸೊಂಟಕ್ಕೆ ಬಿಗಿದು ಗದ್ದೆಗೆ ಇಳಿದಳು. ಚೆಂಡು ಕೈಗೆ ಬಂತು. ಬುಟ್ಟಿಯನ್ನು ಒಮ್ಮೆ ನೋಡಿದಳು, ಎರಡು ಕೈಯಿಂದ ಎತ್ತಿ ಬಿಟ್ಟಳು. ಚೆಂಡು ಹೋಗಿ ಬುಟ್ಟಿಯಲ್ಲಿ ಕುಳಿತಿತು. ಅದೃಷ್ಟವೆಂದುಕೊಂಡು ದೋಟಿಯಿಂದ ಇಳಿಸಿದೆ. ಮತ್ತೆ ಹಾಕಿದಳು, ಮತ್ತೆ ಕುಳಿತಿತು. ಮೂರನೆಯ ಸಲ ದೋಟಿ ಎತ್ತಿದವನು ಅವಳತ್ತ ತಿರುಗಿ ನೋಡಿದೆ. ಇವಳು ಯಾರು? ನನ್ನ ಕೆಮ್ಮಿಗೆ ನೀರು ತಂದುಕೊಡುವವಳು ಇವಳೇ ಏನು? ಮರುದಿನ ಬೆಳಗ್ಗೆ ಗುಟ್ಟು ತಿಳಿಯಿತು. ನಮ್ಮ ಬಚ್ಚಲ ಕೊಟ್ಟಿಗೆಯ ಅಟ್ಟದಲ್ಲಿ ಒಲೆಗೆಂದು ತೆಂಗಿನ ಸಿಪ್ಪೆ ಕೂಡಿಡುವುದು. ಅವಳು ಅಂಗಳದಲ್ಲೇ ನಿಂತು ಒಂದೊಂದೇ ಸಿಪ್ಪೆಯನ್ನು ಎಸೆಯುತ್ತಿದ್ದಳು. ಒಂದೂ ಗೋಡೆಗೆ ತಾಗುತ್ತಿರಲಿಲ್ಲ, ಒಂದೂ ಕೆಳಗೆ ಬೀಳುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಇದು ದಿನವೂ ನಡೆದಿತ್ತು, ನಾನು ಪಕ್ಕದಲ್ಲೇ ಹಲ್ಲುಜ್ಜುತ್ತ ನಿಂತಿದ್ದೆ. ಕಣ್ಣಿದ್ದೂ ಕುರುಡ ಎಂದು ಪಾಠದಲ್ಲಿ ಹೇಳಿಕೊಡುತ್ತೇನಲ್ಲ, ಅದಕ್ಕೆ ಬೇರೆ ಉದಾಹರಣೆ ಬೇಡ.

ಆದರೆ ಆಟ ಮಾತ್ರ ಕುದುರಲಿಲ್ಲ. ಚೆಂಡು ಹಿಡಿದವನು ತನ್ನ ಕಡೆಯವರನ್ನು ಕರೆದು ಕೊಡಬೇಕಷ್ಟೆ. ಕರೆಯುವುದು ಹೇಗೆ? ಪರರ ಹೆಂಡತಿಯನ್ನು ಕರೆಯುವುದು ಉಚಿತವಲ್ಲ, ತನ್ನವಳ ಹೆಸರು ಹೇಳುವಂತಿಲ್ಲ. ನಮ್ಮೊಡನೆ ಆಡುತ್ತಿದ್ದ ಪೋಸ್ಟ್‌ಮಾಸ್ಟರರು ‘ಇಕಾ’ ಎಂದರೆ ಗದ್ದೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಕೈ ಚಾಚುವರು. ಪೋಸ್ಟ್‌ಮಾಸ್ಟರರ ಹೆಂಡತಿ ‘ಓ ಇವರೇ’ ಎಂದರೆ ಗಂಡಸರೆಲ್ಲ ಓಡಿಬಂದು ಒಂದೇ ಕಡೆ ಮುಗ್ಗರಿಸುವರು. ಪಟೇಲರು ಒಂದು ಸಂಜೆ ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡಿದರು. ನೋಡಿ, ನನ್ನನ್ನು ಕರೆದು ಹೇಳಿದರು: “ಮಾಷ್ಟ್ರೇ, ಇದು ಆಟವೋ ಗಲಾಟೆಯೋ ನನಗೆ ಅರ್ಥ ಆಗಲಿಲ್ಲ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ, ನಿಮ್ಮನ್ನು ನೋಡಿ ಆಟ ಕಲಿತ ಪೆರ್ಲ ಊರಿನ ತಂಡ ಬರ್ತದಲ್ಲ, ಅವತ್ತು ನಾನೂ ಹಿರಿಯರೂ ಬಂದು ಕೂತುಕೊಳ್ತೇವೆ. ಆಟದ ಹಾಗೆ ಕಂಡರೆ ಗದ್ದೆ ನಿಮಗೆ. ಗಲಾಟೆಯ ಹಾಗೆ ಕಂಡರೆ ಮರುದಿನವೇ ಉದ್ದು ಬಿತ್ತಿಸ್ತೇನೆ. ಹೆಂಗಸರು ಮನೆಯಲ್ಲಿರಲಿ.”

ಮನೆಗೆ ಬಂದು, ಕಡೆಯುವ ಕಲ್ಲಿನ ಹತ್ತಿರ ಕುಳಿತಿದ್ದ ನಮ್ಮವಳಿಗೆ ಈ ಸುದ್ದಿ ಹೇಳಿದೆ. ಕ್ಲಬ್ಬು ಮುಚ್ಚಿದರೆ ಕಾರ್ಯದರ್ಶಿಯ ಮಾನ ಹೋಗುತ್ತದೆ ಎಂದು ಹಲುಬಿದೆ. ಅವಳು ಗುಂಡುಕಲ್ಲು ತಿರುಗಿಸುವುದನ್ನು ನಿಲ್ಲಿಸಿದಳು.

“ನಿಮ್ಮದು ಮಾನ ಹೋದರೆ ಮತ್ತೆ ಬಂದೀತು. ನಮಗೆ ಹೋಗುವುದು ಎಂತ ಗೊತ್ತುಂಟಾ? ಆ ಒಂದು ಗಂಟೆ. ವಾರಕ್ಕೆ ಆ ಒಂದು ಗಂಟೆ ಅನ್ನ ಬೆಂದಿತಾ, ದನಕ್ಕೆ ನೀರಾಯಿತಾ ಅಂತ ನೆನಪು ಮಾಡದೆ ನಾನು ಓಡುವುದು. ಚಿಕ್ಕಂದಿನಲ್ಲಿ ಓಡಿದ್ದು, ಮತ್ತೆ ಈಗಲೇ.”

ನಾನು ಅಭ್ಯಾಸಬಲದಿಂದ ಕೆಮ್ಮಿದೆ.

“ಆ ಕೆಮ್ಮು ಬಿಡಿ. ಗದ್ದೆಯಲ್ಲಿ ಇನ್ನು ನೀವು ಇಕಾ ಅಂದರೂ ಕೆಮ್ಮಿದರೂ ನಾನು ತಿರುಗುವವಳಲ್ಲ. ಎಲ್ಲರೂ ತಿರುಗಿದರೆ ಅದು ಕರೆದ ಹಾಗಾ? ನನಗೊಂದು ಹೆಸರುಂಟು. ನಿಮಗೆ ನೆನಪುಂಟಾ?”

ನೆನಪಿತ್ತು. ಮೂರನೆಯ ತರಗತಿಯಲ್ಲಿ ಅದೇ ಹೆಸರಿನ ಮಗುವೊಂದಿತ್ತು, ದಿನವೂ ಹಾಜರಿ ಕೂಗುತ್ತಿದ್ದೆ. ಆ ಮಗುವಿನ ಮಟ್ಟಿಗೆ ಸಲೀಸಾಗಿ ಹೊರಡುತ್ತಿದ್ದ ಹೆಸರು ಮನೆಯ ಮೆಟ್ಟಿಲು ಹತ್ತಿದೊಡನೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. ಅಭ್ಯಾಸ ಮಾಡಬೇಕೆಂದು ನಿಶ್ಚಯಿಸಿದೆ. ಮನೆಯಲ್ಲಿ ಅಮ್ಮ, ದಾರಿಯಲ್ಲಿ ಜನ. ಕಡೆಗೆ ಶಾಲೆಯ ಬಾವಿಯೇ ವಾಸಿ ಎಂದು ಕಂಡಿತು. ಮಕ್ಕಳೆಲ್ಲ ಹೋದಮೇಲೆ ಬಾವಿಯೊಳಕ್ಕೆ ಬಗ್ಗಿ ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಬಾವಿ ನನಗಿಂತ ಗಟ್ಟಿಯಾಗಿ ಕೂಗಿತು. ಅಷ್ಟರಲ್ಲಿ ಪಕ್ಕದ ಅಂಚೆ ಕಚೇರಿಯಿಂದ ಪೋಸ್ಟ್‌ಮಾಸ್ಟರರು ಹಗ್ಗ ಹಿಡಿದು ಏದುಸಿರು ಬಿಡುತ್ತ ಓಡಿಬಂದರು.

“ಅಯ್ಯೋ ಮಾಷ್ಟ್ರೇ, ಯಾರು ಬಿದ್ದದ್ದು?”

“ಯಾರೂ ಬೀಳಲಿಲ್ಲ,” ಎಂದೆ, “ಬಾವಿಯ ಆಳ ನೋಡಿದೆ.” ಅಲ್ಲಿಗೆ ನನ್ನ ಅಭ್ಯಾಸ ಮುಗಿಯಿತು.

ವಾರ್ಷಿಕೋತ್ಸವದ ದಿನ ಬಂದೇ ಬಂತು. ಗದ್ದೆಯ ಸುತ್ತ ಮಾವಿನೆಲೆಯ ತೋರಣ, ಬ್ಯಾರಿಗಳ ಕಡೆಯಿಂದ ದೊಡ್ಡ ಪಾತ್ರೆಯಲ್ಲಿ ಸರಬತ್ತು, ನಮ್ಮ ಕಡೆಯಿಂದ ಬೆಲ್ಲ ಕಲಸಿದ ಅವಲಕ್ಕಿ. ಶಾಲೆಯಿಂದ ತಂದ ಬೆಂಚುಗಳ ಮೇಲೆ ಪಟೇಲರೂ ಹಿರಿಯರೂ ಕುಳಿತರು. ಇನ್ನೊಂದು ಕಡೆ ಚಾಪೆಯ ಮೇಲೆ ಊರ ಹೆಂಗಸರು, ಅವರ ನಡುವೆ ನಮ್ಮ ಅಮ್ಮ. ಪೆರ್ಲದವರು ಬಸ್ಸಿನಿಂದ ಇಳಿದು ಬಂದರು. ಅವರೂ ನಾಲ್ಕು ದಂಪತಿಗಳೇ, ಅವರದೂ ಅದೇ ಸಂಕಟ. ಪೆರ್ಲದ ಒಬ್ಬರು ‘ಇಕಾ’ ಎಂದಾಗ ನಮ್ಮ ಪೋಸ್ಟ್‌ಮಾಸ್ಟರರ ಹೆಂಡತಿ ತಿರುಗಿ ಚೆಂಡು ಹಿಡಿದು ನೇರವಾಗಿ ಗೋಲು ಹಾಕಿಬಿಟ್ಟರು. ನಮಗೆ ಲಾಭವೇ ಆಯಿತು, ಆದರೆ ಪಟೇಲರು ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತಿಗೆ ನಮ್ಮ ಇಕಾ ಕೂಡ ಅವರಿಗೆ ಅಷ್ಟೇ ಉಪಕಾರ ಮಾಡಿತು. ಮೂರು ಮೂರು ಗೋಲುಗಳಲ್ಲಿ ಸಮ ಸಮ. ಪಟೇಲರು ಪಕ್ಕದವರ ಕಿವಿಯಲ್ಲಿ ಏನೋ ಹೇಳುವುದು ಕಂಡಿತು. ಉದ್ದಿನ ಬೀಜದ ವಿಚಾರವೇ ಇರಬೇಕು ಎಂದುಕೊಂಡೆ.

ಬ್ಯಾರಿಗಳು ಗಡಿಯಾರ ನೋಡಿ ಒಂದು ಬೆರಳು ಎತ್ತಿದರು, ಇನ್ನು ಒಂದೇ ನಿಮಿಷ. ಚೆಂಡು ನನ್ನ ಕೈಯಲ್ಲಿತ್ತು. ಎದುರಿಗೆ ಪೆರ್ಲದ ಆಳೆತ್ತರದ ಆಸಾಮಿ ಬಾಗಿಲಿನಂತೆ ಕೈ ಅಗಲಿಸಿ ನಿಂತಿದ್ದ. ಹತ್ತು ಹೆಜ್ಜೆ ಆಚೆ ನಮ್ಮವಳು ಒಬ್ಬಳೇ, ಅಡ್ಡ ಯಾರೂ ಇಲ್ಲ. ನಾನು ‘ಇಕಾ’ ಎಂದೆ. ಏಳು ಜನ ಹೆಂಗಸರು ತಿರುಗಿದರು. ಚಾಪೆಯ ಮೇಲಿದ್ದವರಲ್ಲೂ ಕೆಲವರು ತಿರುಗಿದರು. ಅವಳು ಮಾತ್ರ ದೂರದ ತೆಂಗಿನ ಮರವನ್ನು ನೋಡುತ್ತ ನಿಂತಿದ್ದಳು. ಕೆಮ್ಮಿದೆ. ಅಮ್ಮ ಗಾಬರಿಯಿಂದ ಎದ್ದು ನಿಂತರು. ಅವಳು ಅಲುಗಲಿಲ್ಲ.

ಆಗ ಅವಳ ಬೆನ್ನು ನೋಡಿದೆ. ಬೆವರಿ ನೆನೆದ ರವಿಕೆ, ಮಣ್ಣಾದ ಕಾಲು, ಕರೆದರೆ ಓಡಲು ಸಿದ್ಧವಾಗಿ ಒಂದು ಹಿಮ್ಮಡಿ ಮೇಲೆದ್ದಿತ್ತು. ಅವಳು ಹಟ ಮಾಡುತ್ತಿರಲಿಲ್ಲ, ಕಾಯುತ್ತಿದ್ದಳು. ಹದಿನಾಲ್ಕು ವರ್ಷದಿಂದ ಕಾದಿದ್ದಳು. ನನಗೆ ನಾಚಿಕೆಯಾಯಿತು. ಪಟೇಲರನ್ನು ಮರೆತೆ, ಅಮ್ಮನನ್ನೂ ಮರೆತೆ, ಕಣ್ಣು ಮುಚ್ಚಿ ಕೂಗಿದೆ:

“ಕಾವೇರೀ!”

ನಾನು ಕಣ್ಣು ತೆರೆಯುವಷ್ಟರಲ್ಲಿ ಅವಳು ತಿರುಗಿಯಾಗಿತ್ತು, ಕೈ ಚಾಚಿಯಾಗಿತ್ತು. ಚೆಂಡು ಎಸೆದೆ. ಅವಳು ಹಿಡಿದಳು, ಬುಟ್ಟಿಯತ್ತ ನೋಡಿದಂತೆಯೂ ಕಾಣಲಿಲ್ಲ, ಸಿಪ್ಪೆಯನ್ನು ಅಟ್ಟಕ್ಕೆ ಎಸೆಯುವ ಅದೇ ಕೈಯಿಂದ ಎಸೆದಳು. ಚೆಂಡು ಎಷ್ಟು ಎತ್ತರ ಹೋಯಿತೆಂದರೆ ಬೆಂಚಿನ ಮೇಲಿದ್ದ ಹಿರಿಯರೆಲ್ಲ ಕತ್ತು ಎತ್ತಿದರು. ಅದು ಮೆಲ್ಲನೆ ಇಳಿದು ಬುಟ್ಟಿಯಲ್ಲಿ ಕುಳಿತಿತು. ಅಂಥದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಸೀಟಿ ಊದಬೇಕಾದ ಬ್ಯಾರಿಗಳು ಸೀಟಿಯನ್ನು ಬಾಯಿಯಿಂದ ತೆಗೆದು ‘ಯಾ ಅಲ್ಲಾಹ್’ ಎಂದರು. ಅವರು ಜಾವಾದಲ್ಲೂ ನೋಡಿರಲಿಲ್ಲವಂತೆ.

ಪಟೇಲರು ಎದ್ದು ನಿಧಾನವಾಗಿ ಕಂಬದವರೆಗೆ ನಡೆದು ಬಂದರು. ಬುಟ್ಟಿಯನ್ನು ನೋಡಿದರು, ಕಾವೇರಿಯನ್ನು ನೋಡಿದರು. “ಉದ್ದು ಬೇರೆ ಕಡೆ ಬಿತ್ತುವ,” ಎಂದರು, “ಇಂಥ ಕೈಗೆ ಜಾಗ ಬೇಕಲ್ಲ.” ಅಮ್ಮ ಬಂದದ್ದು ನನ್ನ ಹತ್ತಿರಕ್ಕೆ. “ಮಗಾ, ನಿನಗೆ ಇಷ್ಟು ಒಳ್ಳೆಯ ಸ್ವರ ಉಂಟಾ? ಮತ್ತೆ ಎಂತಕ್ಕೆ ಅಷ್ಟು ವರ್ಷ ಕೆಮ್ಮಿದ್ದು? ನನ್ನ ಕಾಳುಮೆಣಸೆಲ್ಲ ದಂಡ!” ಎಂದರು.

ಮುಂದಿನ ಆದಿತ್ಯವಾರ ಪೋಸ್ಟ್‌ಮಾಸ್ಟರರೂ ಬಾಯಿ ತೆರೆದರು, ಅವರ ಹಿಂದೆ ಉಳಿದವರು. ಅಷ್ಟು ವರ್ಷ ಅಡುಗೆಮನೆಯಲ್ಲಿ ಮಡಿಸಿಟ್ಟಿದ್ದ ಹೆಸರುಗಳು ಗದ್ದೆಯ ತುಂಬ ಓಡಾಡತೊಡಗಿದವು. ನನ್ನ ವಿಷಯ ಕೇಳಿದರೆ ಸ್ವಲ್ಪ ಬೇರೆ. ಅದುವರೆಗೆ ಅವಳು ಮಾಷ್ಟ್ರ ಹೆಂಡತಿಯಾಗಿದ್ದಳು; ಅಂದಿನಿಂದ ಪೆರ್ಲದವರೆಗೂ ನಾನು ಕಾವೇರಕ್ಕನ ಯಜಮಾನ. ಬಸ್ಸಿನಲ್ಲಿ ಸೀಟು ಸಿಗುವುದೂ ಆ ಹೆಸರಿನಿಂದಲೇ. ನನ್ನ ಸ್ವಂತ ಹೆಸರು ಊರಿಗೆ ಮರೆತೇ ಹೋಗಿರಬೇಕು. ಒಂದು ದಿನ ತಡೆಯಲಾರದೆ ಕೇಳಿದೆ, “ಗದ್ದೆಯಲ್ಲಿ ನೀನು ಈಗಲೂ ‘ಓ ಇವರೇ’ ಎನ್ನುತ್ತೀ. ನನಗೂ ಒಂದು ಹೆಸರುಂಟಲ್ಲ ಮಾರಾಯ್ತಿ, ಒಂದು ಸಲ ಕರೆಯಬಾರದಾ?”

“ನಿಮ್ಮ ಆಯುಷ್ಯ?” ಎಂದಳು.

“ಹೋದಷ್ಟು ಹೋಗಲಿ.”

“ಆಗಲಿ. ನೀವು ಒಂದು ಗೋಲು ಹಾಕಿದ ದಿನ ಕರೆಯುತ್ತೇನೆ.”

ಅದಾಗಿ ಮೂರು ವರ್ಷ ಕಳೆಯಿತು. ದಿನವೂ ಬೆಳಗ್ಗೆ ಅಂಗಳದಲ್ಲಿ ನಿಂತು ಬಚ್ಚಲ ಅಟ್ಟಕ್ಕೆ ಸಿಪ್ಪೆ ಎಸೆಯುತ್ತಿದ್ದೇನೆ. ನಿನ್ನೆ ಎಸೆದದ್ದು ಅಮ್ಮ ಹಾಲು ಕರೆದು ತರುತ್ತಿದ್ದ ಚೆಂಬಿನೊಳಗೆ ಬಿತ್ತು. ಅದು ಗೋಲಿನ ಲೆಕ್ಕಕ್ಕೆ ಬರುತ್ತದೋ ಎಂದು ಕಾವೇರಿಯನ್ನು ಕೇಳಿದೆ, ಬರುವುದಿಲ್ಲವಂತೆ.