ಕೂತು ಓಡಿಸುವ ಮೆಷಿನ್ನು

ಇಷ್ಟಕ್ಕೆಲ್ಲ ಕಾರಣ ದರ್ಜಿಯ ಸೊಂಟ. ವಾರವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ, ಭಾನುವಾರ ಹುಲ್ಲು ಕತ್ತರಿಸುವ ಗಾಡಿಯನ್ನು ಬಗ್ಗಿ ತಳ್ಳಿ, ಪಾಪ, ನೆಟ್ಟಗೆ ನಿಲ್ಲುವುದೇ ಅವನಿಗೆ ಮರೆತುಹೋಗಿತ್ತು. ಹಿತ್ತಲೋ ಆಟದ ಮೈದಾನದಷ್ಟಿತ್ತು. ಆದ್ದರಿಂದ ಮನೆ ಖಾಲಿ ಮಾಡುತ್ತಿದ್ದ ಒಬ್ಬ ದಢೂತಿ ಮನುಷ್ಯ, ಟ್ರ್ಯಾಕ್ಟರಿನ ಮರಿಯಂಥ ಹಳೆಯ ಹುಲ್ಲಿನ ಮೆಷಿನ್ನನ್ನು ಓಡಿಸಿ ತೋರಿಸಿದಾಗ, ದರ್ಜಿ ಹೆಂಡತಿಯನ್ನೂ ಕೇಳದೆ ಅದನ್ನು ಕೊಂಡು ತಂದ. ಸ್ಟೀರಿಂಗು, ಸೀಟು ಎಲ್ಲ ಇದೆ, ಇನ್ನು ಕೂತೇ ಹುಲ್ಲು ಕತ್ತರಿಸುತ್ತೇನೆ, ಬಗ್ಗುವ ಮಾತೇ ಇಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ.

ಬೆಳಿಗ್ಗೆ ಗತ್ತಿನಿಂದ ಹತ್ತಿ ಕೂತು ಕೀಲಿ ತಿರುಗಿಸಿದ. ಎಂಜಿನ್ನು ಗುರ್ ಎಂದಿತು. ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಉಸಿರು ನಿಲ್ಲಿಸಿತು. ಎಷ್ಟು ಸಲ ಮಾಡಿದರೂ ಅದೇ ಕತೆ. ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ, ಗುಜರಿಗೆ ಹೋಗಬೇಕಾದದ್ದು ದಾರಿ ತಪ್ಪಿ ನಮ್ಮನೆಗೆ ಬಂದಿದೆ ಎಂದಳು.

ಇಂಥ ಹೊತ್ತಿನಲ್ಲಿ ಮೂಗು ತೂರಿಸದಿದ್ದರೆ ಪಕ್ಕದ ಮನೆಯವರು ಇರುವುದಾದರೂ ಯಾಕೆ? ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದ. ಪೆಟ್ರೋಲು ಕೊಳೆತಿದೆ ಎಂದ, ಬದಲಾಯಿಸಿದರು. ಪ್ಲಗ್ಗು ಕಪ್ಪಾಗಿದೆ ಎಂದ, ಉಜ್ಜಿದರು. ಆಮೇಲೆ ತನ್ನ ಭಾರಿ ದೇಹವನ್ನು ಸೀಟಿನ ಮೇಲೆ ಊರಿ ಹಿತ್ತಲನ್ನು ಒಂದು ಸುತ್ತು ಹಾಕಿಯೇಬಿಟ್ಟ. ದರ್ಜಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ತಾನು ಕೂತರೆ ಮೆಷಿನ್ನು ಮತ್ತೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಬೇಕರಿಯವನು ಕೂತ, ಓಡಿತು. ಇವನು ಕೂತ, ಸತ್ತಿತು.

ದರ್ಜಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಅದಕ್ಕೆ ತನ್ನ ಮೇಲೆ ಏನು ಹಗೆ? ಹೊಸ ಯಜಮಾನನ ರೂಢಿಯಿಲ್ಲ, ನಯವಾಗಿ ಮಾತಾಡಿಸಿ ನೋಡು ಎಂದ ಬೇಕರಿಯವನು. ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನದ ಹೊತ್ತಿಗೆ ಅದನ್ನೂ ಮಾಡಿದ. ಮೆಷಿನ್ನಿಗೆ ಕಿವಿ ಎಲ್ಲಿರಬಹುದೆಂದು ಹುಡುಕಿ, ಅಲ್ಲಿಗೆ ಬಗ್ಗಿ, ಪಿಸುಗುಟ್ಟಿದ. ಸೊಂಟ ಇನ್ನಷ್ಟು ಹಿಡಿದುಕೊಂಡಿತು.

ಸಂಜೆ ಮೆಕ್ಯಾನಿಕ್ ಬಂದ. ಇಬ್ಬರನ್ನೂ ಕೂರಿಸಿ ನೋಡಿದ. ಆಮೇಲೆ ಎಂಜಿನ್ನನ್ನು ಮುಟ್ಟದೆ ಸೀಟನ್ನೇ ಎತ್ತಿದ. ಕೆಳಗೊಂದು ಒತ್ತುವ ಗುಂಡಿ, ಅದಕ್ಕೊಂದು ದಪ್ಪ ಸ್ಪ್ರಿಂಗು.

"ಓಡಿಸೋರು ಬಿದ್ದುಬಿಟ್ರೆ ತಾನಾಗೇ ನಿಲ್ಲಲಿ ಅಂತ ಇದನ್ನ ಇಟ್ಟಿರ್ತಾರೆ," ಎಂದ. "ಭಾರ ಬಿದ್ರೇನೇ ಗುಂಡಿ ಒತ್ತೋದು. ನೀವು ಕೂತಿದ್ದು ಅದಕ್ಕೆ ಗೊತ್ತೇ ಆಗ್ತಿಲ್ಲ, ಸ್ವಾಮಿ."

ಬೇಕರಿಯವನು ನಕ್ಕು ನಕ್ಕು ಹುಲ್ಲಿನ ಮೇಲೇ ಕೂತುಬಿಟ್ಟ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡಿನಲ್ಲೇ ತನಗೊಂದು ಅಂಗಿ ಹೊಲಿದುಕೊಳ್ಳಬಲ್ಲ ಮೈಕಟ್ಟು ದರ್ಜಿಯದು. ಅವಮಾನವಾದರೂ ಮನಸ್ಸು ಹಗುರಾಯಿತು. ಮೆತ್ತನೆಯ ಸ್ಪ್ರಿಂಗು ಹಾಕಿದರೆ ಮುಗಿಯಿತು, ಕ್ಷಣದ ಕೆಲಸ ಎಂದು ಮೆಕ್ಯಾನಿಕ್ ಚೀಲದಲ್ಲಿ ಹುಡುಕತೊಡಗಿದ.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಎಲ್ಲಿ, ನಾನೂ ನೋಡುತ್ತೇನೆ ಎಂದು ಸೀರೆ ಸರಿಮಾಡಿಕೊಂಡು ಹತ್ತಿ ಕೂತಳು. ಗಾಡಿ ಹೊರಟೇಬಿಟ್ಟಿತು. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಮೂಲೆಯಲ್ಲಿ ತಿರುಗಿಸುವಾಗ ಅವಳ ಮುಖದಲ್ಲಿದ್ದ ನಗುವನ್ನು ದರ್ಜಿ ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮೆಕ್ಯಾನಿಕ್ ಸ್ಪ್ರಿಂಗು ಹಿಡಿದು ಅಡ್ಡ ನಿಂತ. "ಸ್ವಲ್ಪ ಇಳೀರಿ ಅಕ್ಕ, ರಿಪೇರಿ ಮಾಡ್ಬಿಡ್ತೀನಿ."

"ಏನಾಗಿದೆಯಪ್ಪ ಇದಕ್ಕೆ?" ಎಂದಳು ಅವಳು, ಸೀಟಿನಿಂದ ಅಲುಗಾಡದೆ. "ಚೆನ್ನಾಗಿ ಓಡ್ತಿರೋದನ್ನ ಯಾರಾದ್ರೂ ಬಿಚ್ತಾರಾ?"

ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಹುಲ್ಲಿನ ತುಂಬ ಕಲ್ಲಿದೆ. ಮುಂದೆ ಮುಂದೆ ಬಗ್ಗಿ ಆರಿಸ್ತಾ ಹೋಗಿ, ನಾನು ಹಿಂದೆ ಬರ್ತೀನಿ."